ಎಷ್ಟಿದೆ ಅಂತ ಕೇಳಬಾರದು

"ಮಗನಿಗಾ ಮೇಡಂ?"

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯವರು ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಕನ್ನಡದ ಒಂದು ಇಂದ್ರಜಾಲ ಕಾಮಿಕ್ಸ್ ಇತ್ತು. ಮುಖಪುಟ ಅರ್ಧ ಹರಿದುಹೋಗಿತ್ತು. ಕಾಡಿನಲ್ಲಿರುವ ಮುಖವಾಡದ ವೀರ, ಕುದುರೆ ಮೇಲೆ ಕೂತ ಫ್ಯಾಂಟಮ್‌ನ ಒಂದು ಕಾಲು, ಪಕ್ಕದಲ್ಲಿ ಅವನ ತೋಳ ಡೆವಿಲ್‌ನ ತಲೆ, ಅಷ್ಟೇ ಉಳಿದಿತ್ತು. "ಇಲ್ಲ, ನನಗೇ" ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಹತ್ತು ರೂಪಾಯಿ ಕಡಿಮೆ ಮಾಡಿ ಕೊಟ್ಟರು. ಅದು 2006. ನನಗೆ ಆಗ ಮೂವತ್ತೇಳು.

ಆ ಪ್ರಶ್ನೆಯನ್ನು ಆಮೇಲೂ ಎಷ್ಟೋ ಕಡೆ ಕೇಳಿಸಿಕೊಂಡೆ. ಮಗನಿಗಾ, ತಮ್ಮನಿಗಾ, ಯಜಮಾನರಿಗಾ. ಫ್ಯಾಂಟಮ್ ಹುಚ್ಚು ಗಂಡಸರಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದರು. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಅಪ್ಪ ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸುವಾಗ ಪೇಪರ್ ಸ್ಟಾಲ್‌ನಿಂದ ಒಂದು ಕಾಮಿಕ್ಸ್ ತರುತ್ತಿದ್ದರು. ಯಾರು ಮೊದಲು ಓದಬೇಕು ಅಂತ ನನಗೂ ಅಣ್ಣನಿಗೂ ಜಗಳ. ಅಪ್ಪ ಕ್ಯಾಲೆಂಡರ್ ಹಿಂದೆ ಬರೆದಿಟ್ಟರು: ಒಂದು ಸಲ ಅವನು ಮೊದಲು, ಇನ್ನೊಂದು ಸಲ ನಾನು ಮೊದಲು. ದೊಡ್ಡವನು, ಚಿಕ್ಕವಳು ಅನ್ನುವ ಲೆಕ್ಕವೇ ಇಲ್ಲ. ಮುಂದೆ ನಮ್ಮ ಗುಂಪಿಗೆ ನಿಯಮ ಮಾಡುವಾಗ ನನಗೆ ಆ ಕ್ಯಾಲೆಂಡರ್ ತುಂಬಾ ನೆನಪಾಯಿತು.

1984ರಲ್ಲಿ ಮನೆ ಬದಲಾಯಿಸಿದೆವು. ಟ್ರಂಕ್ ತುಂಬಾ ಇದ್ದ ಕಾಮಿಕ್ಸ್ ಹಳೇ ಪೇಪರ್ ಅಂಗಡಿಗೆ ತೂಕಕ್ಕೆ ಹೋಯಿತು. ಅಮ್ಮನ ತಪ್ಪೇನೂ ಇಲ್ಲ. ಆಗ ಎಲ್ಲರ ಮನೆಯಲ್ಲೂ ಅದೇ ಆಗುತ್ತಿತ್ತು, ಅಲ್ವಾ? ಕನ್ನಡದ ಸಂಚಿಕೆಗಳು ಇವತ್ತು ಸುಲಭಕ್ಕೆ ಸಿಗದೇ ಇರುವುದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ. ಜನ ಓದಿದರು, ಪಕ್ಕದ ಮನೆಗೆ ಕೊಟ್ಟರು, ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗಿ ಚಿಂದಿಯಾದವು. ಎತ್ತಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಫ್ಯಾಂಟಮ್ ಹುಟ್ಟಿದ್ದು ಅಮೆರಿಕದ ದಿನಪತ್ರಿಕೆಗಳಲ್ಲಿ, 1936ರ ಫೆಬ್ರವರಿ 17ರಂದು. ಬರೆದವರು ಲೀ ಫಾಕ್. ಜಾದೂಗಾರ ಮಾಂಡ್ರೇಕ್ ಕೂಡ ಅವರದ್ದೇ, ಅದು 1934ರದು. ನಮ್ಮಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿತು. ಮೊದಲ 32 ಸಂಚಿಕೆಗಳಲ್ಲಿ ಬರೀ ಫ್ಯಾಂಟಮ್. ಆಮೇಲೆ ಮಾಂಡ್ರೇಕ್, ಫ್ಲ್ಯಾಷ್ ಗಾರ್ಡನ್, ರಿಪ್ ಕಿರ್ಬಿ ಎಲ್ಲ ಬಂದರು. 1976ರ ಡಿಸೆಂಬರ್‌ನಲ್ಲಿ ಕೇಸರಿ ಕುರ್ತಾ, ಜೀನ್ಸ್ ತೊಟ್ಟ ಬಹಾದ್ದೂರ್ ಬಂದ. ಆಬಿದ್ ಸುರ್ತಿಯವರು ಸೃಷ್ಟಿಸಿದ ನಮ್ಮ ನೆಲದ ಹುಡುಗ. 1990ರಲ್ಲಿ ಎಲ್ಲ ನಿಂತುಹೋಯಿತು. ಅಷ್ಟರಲ್ಲಿ 803 ಸಂಚಿಕೆ ಬಂದಿದ್ದವು. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿ, ತಮಿಳು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಓದಲು ಸಿಗುತ್ತಿತ್ತು.

ನಾನು ಮತ್ತೆ ಕೂಡಿಸಲು ಶುರು ಮಾಡಿದಾಗ ಒಂದು ತೀರ್ಮಾನ ಮಾಡಿಕೊಂಡೆ. ಕನ್ನಡದ್ದು ಮಾತ್ರ. ಇಂಗ್ಲಿಷ್ ಸಂಚಿಕೆಗಳಿಗೆ ದೇಶದ ತುಂಬಾ ಗಿರಾಕಿಗಳಿದ್ದಾರೆ. ಕನ್ನಡದ್ದನ್ನು ನಾವು ಉಳಿಸದೆ ಇನ್ಯಾರು ಉಳಿಸಬೇಕು?

ಭಾನುವಾರ ಬೆಳಿಗ್ಗೆ ಬೇಗ ಎದ್ದು ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ಗೆ ಹೋಗುತ್ತಿದ್ದೆ. ಏಳು ಗಂಟೆಗೆ ಮೊದಲೇ ಹೋಗಬೇಕು. ಬಿಸಿಲು ಏರಿದ ಮೇಲೆ ಹೋದರೆ ಬರೀ ಹಳೇ ಗೈಡುಗಳು ಸಿಗುತ್ತವೆ. ರಾಜಾಜಿನಗರ, ಶ್ರೀರಾಮಪುರದ ಹಳೇ ಪೇಪರ್ ಅಂಗಡಿಗಳಿಗೆ ನನ್ನ ಫೋನ್ ನಂಬರ್ ಕೊಟ್ಟಿದ್ದೆ. ಮುಚ್ಚಿಹೋದ ಲೈಬ್ರರಿಗಳ ಮುದ್ರೆ ಒತ್ತಿದ ಪ್ರತಿ ಸಿಕ್ಕರೆ ನನಗೆ ಖುಷಿ ಜಾಸ್ತಿ. ಕೆಲವರು ಮುದ್ರೆ ಇದ್ದರೆ ಬೆಲೆ ಕಮ್ಮಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯಾವ ಬಡಾವಣೆಯಲ್ಲಿ ಎಷ್ಟು ಜನ ಇದನ್ನು ಓದಿದರು ಅನ್ನುವುದಕ್ಕೆ ಆ ನೇರಳೆ ಮುದ್ರೆಯೇ ಸಾಕ್ಷಿ.

ಕೊಳ್ಳುವ ಮೊದಲು ನಡುವಿನ ಹಾಳೆ ನೋಡಬೇಕು. ಪಿನ್ ತುಕ್ಕು ಹಿಡಿದಾಗ ಮೊದಲು ಬಿಟ್ಟುಹೋಗುವುದು ಅದೇ. ಮುಖಪುಟದ ಕಾಗದವನ್ನು ಬೆಳಕಿಗೆ ಹಿಡಿದು ನೋಡಬೇಕು. ನಾನೊಮ್ಮೆ ಫೋನಿನಲ್ಲಿ ಫೋಟೋ ನೋಡಿ, ಮುಂಗಡ ಕೊಟ್ಟು ತರಿಸಿದ್ದೆ. ಬಂದಿದ್ದು ಕಲರ್ ಜೆರಾಕ್ಸ್ ಮುಖಪುಟ ಅಂಟಿಸಿದ ಪ್ರತಿ. ದುಡ್ಡು ವಾಪಸ್ ಬರಲಿಲ್ಲ. ಅವತ್ತಿನಿಂದ ಕೈಯಲ್ಲಿ ಹಿಡಿದು ನೋಡದೆ ಏನನ್ನೂ ಕೊಂಡಿಲ್ಲ.

ತರುವುದಕ್ಕಿಂತ ಕಷ್ಟದ ಕೆಲಸ ಉಳಿಸಿಕೊಳ್ಳುವುದು. ಇದು ಅಗ್ಗದ ಕಾಗದ. ಅದರೊಳಗಿನ ಆಮ್ಲವೇ ಅದನ್ನು ಕಂದು ಮಾಡಿ, ಹಪ್ಪಳದ ಹಾಗೆ ಮುರಿಯುವಂತೆ ಮಾಡುತ್ತದೆ. ಬಿಸಿಲು ತಾಗಿದರೆ ಇನ್ನೂ ಬೇಗ. ಮಳೆಗಾಲದಲ್ಲಿ ಬೂಷ್ಟು. ಹಾಗಾಗಿ ಹೊಸದಾಗಿ ತಂದಿದ್ದನ್ನು ನಾನು ನೇರವಾಗಿ ಬೀರುವಿಗೆ ಇಡುವುದೇ ಇಲ್ಲ. ಮೊದಲು ಮೆತ್ತನೆಯ ಬ್ರಶ್‌ನಿಂದ ಪುಟ ಪುಟಕ್ಕೂ ಧೂಳು ತೆಗೆಯುತ್ತೇನೆ. ಹುಳದ ಅನುಮಾನ ಇದ್ದರೆ ಜಿಪ್ ಕವರ್‌ನಲ್ಲಿ ಹಾಕಿ, ಗಾಳಿ ತೆಗೆದು, ಎರಡು ವಾರ ಫ್ರೀಜರ್‌ನಲ್ಲಿ ಇಡುತ್ತೇನೆ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು. ತಣ್ಣಗಿರುವ ಕಾಗದದ ಮೇಲೆ ನೀರಿನ ಪಸೆ ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಬೇಕು.

ತುಕ್ಕು ಹಿಡಿದ ಪಿನ್ನನ್ನು ಎಳೆಯಬಾರದು. ಹಿಂದೆ ಮಡಚಿದ ಎರಡು ಕಾಲನ್ನೂ ಚಪ್ಪಟೆ ಚಾಕುವಿನಿಂದ ಎತ್ತಿ, ನೆಟ್ಟಗೆ ಮಾಡಿ, ಮುಂಭಾಗದಿಂದ ಮೆಲ್ಲಗೆ ತೆಗೆಯಬೇಕು. ನಾನು ಮತ್ತೆ ಪಿನ್ ಹೊಡೆಯುವುದಿಲ್ಲ. ಅದೇ ತೂತಿನಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಕಟ್ಟುತ್ತೇನೆ. ಹರಿದ ಜಾಗಕ್ಕೆ ಸೆಲ್ಲೋಟೇಪ್ ಮಾತ್ರ ಹಾಕಲೇಬೇಡಿ. ಹತ್ತು ವರ್ಷದಲ್ಲಿ ಟೇಪ್ ಉದುರುತ್ತದೆ, ಅದರ ಹಳದಿ ಕಲೆ ಚಿತ್ರದ ಮೇಲೆ ಉಳಿಯುತ್ತದೆ. ತೆಳು ಟಿಶ್ಯೂ ಕಾಗದ, ನೀರಾಗಿ ಕಾಯಿಸಿದ ಗಂಜಿಯ ಅಂಟು, ಇವೆರಡೇ ಸಾಕು. ಆಮೇಲೆ ಪಾಲಿಪ್ರೊಪಿಲೀನ್ ಕವರ್. ಪಿವಿಸಿ ಕವರ್ ಬೇಡ, ಅದು ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ. ನುಸಿಗುಳಿಗೆ ಇಟ್ಟು ನೋಡಿದ್ದೆ. ಓದುವಾಗ ತಲೆನೋವು ಬರುತ್ತಿತ್ತು, ಬಿಟ್ಟೆ.

ಐದು ವರ್ಷ ಇದೆಲ್ಲ ಒಬ್ಬಳೇ ಮಾಡಿದೆ. 2011ರಲ್ಲಿ ನನ್ನ ಹಾಗೇ ಹುಡುಕುತ್ತಿದ್ದ ಇಬ್ಬರು ಅವೆನ್ಯೂ ರಸ್ತೆಯಲ್ಲೇ ಸಿಕ್ಕರು. ಅವರ ಪರಿಚಯದವರು ಸೇರಿ ಒಂಬತ್ತು ಜನ ಆದೆವು. ಕಬ್ಬನ್ ಪಾರ್ಕಿನ ಬಿದಿರು ಮೆಳೆ ಹತ್ತಿರ ಒಂದು ಭಾನುವಾರ ಸೇರಿದೆವು.

ಆ ಮೊದಲ ದಿನ ಚೆನ್ನಾಗಿ ನಡೆಯಲಿಲ್ಲ. ಕೂತ ತಕ್ಷಣ ಒಬ್ಬ ಹಿರಿಯರು "ನನ್ನ ಹತ್ತಿರ ಆರುನೂರ ನಲವತ್ತಿದೆ, ನಿಮ್ಮ ಹತ್ತಿರ ಎಷ್ಟು?" ಅಂತ ಶುರು ಮಾಡಿದರು. ಎಲ್ಲರೂ ಸಾಲಾಗಿ ಲೆಕ್ಕ ಒಪ್ಪಿಸಿದೆವು, ಶಾಲೆಯಲ್ಲಿ ಮಾರ್ಕ್ಸ್ ಹೇಳುವ ಹಾಗೆ. ನನ್ನ ಸರದಿ ಬಂದಾಗ ನಾನು "ಎಪ್ಪತ್ತಮೂರು, ಎಲ್ಲ ಕನ್ನಡದ್ದು" ಅಂದೆ. "ಓ, ಕನ್ನಡದ್ದಾ" ಅಂದು ಅವರು ಮುಂದಿನವರ ಕಡೆ ತಿರುಗಿದರು. ಕೊನೆಯಲ್ಲಿ ಕೂತಿದ್ದವರು ಶ್ರೀರಾಮಪುರದಲ್ಲಿ ಆಟೊ ಓಡಿಸುವವರು. "ನನ್ನ ಹತ್ರ ಒಂದೂ ಇಲ್ಲ ಸರ್. ಚಿಕ್ಕವನಿದ್ದಾಗ ನಮ್ಮ ಮಾವನ ಕಟಿಂಗ್ ಶಾಪಿನಲ್ಲಿ ಓದಿದ್ದಷ್ಟೇ" ಅಂದರು. ಸ್ವಲ್ಪ ಹೊತ್ತಿಗೆ ಬಾಡಿಗೆ ಇದೆ ಅಂತ ಎದ್ದು ಹೊರಟರು. ಬಾಡಿಗೆ ಇರಲಿಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಅವರಿಗೆ ಫೋನ್ ಮಾಡಿದೆ. "ಅಣ್ಣ, ನನ್ನ ಹತ್ತಿರ ಮುಖಪುಟ ಇಲ್ಲದ ಹನ್ನೊಂದು ಸಂಚಿಕೆ ಇವೆ. ಯಾವ ಕಥೆ, ಯಾವ ನಂಬರ್ ಒಂದೂ ಗೊತ್ತಾಗುತ್ತಿಲ್ಲ. ಒಮ್ಮೆ ನೋಡುತ್ತೀರಾ?" ಅಂತ ಕೇಳಿದೆ. ಮುಂದಿನ ಭಾನುವಾರ ಅವರು ಬಂದರು. ಒಂದೊಂದನ್ನೇ ತೆರೆದು ಎರಡು ಚಿತ್ರ ನೋಡುವರು, ಕಣ್ಣು ಮುಚ್ಚುವರು, ಮುಂದಿನ ಇಡೀ ಕಥೆ ಹೇಳುವರು. ಮುಖಪುಟದಲ್ಲಿ ಏನಿತ್ತು, ಯಾವ ಬಣ್ಣ ಇತ್ತು ಅನ್ನುವುದನ್ನೂ. ಹನ್ನೊಂದರಲ್ಲಿ ಎಂಟನ್ನು ಗುರುತಿಸಿದರು. ಆರುನೂರ ನಲವತ್ತು ಇಟ್ಟುಕೊಂಡಿದ್ದ ಹಿರಿಯರು ತಮ್ಮ ಇಂಗ್ಲಿಷ್ ಪ್ರತಿಗಳ ಜೊತೆ ಹೋಲಿಸಿ ನೋಡಿದರು. ಎಂಟೂ ಸರಿಯಾಗಿದ್ದವು. ಅವರೇ ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದರು. ಅವತ್ತೇ ನಮ್ಮ ಮೊದಲ ನಿಯಮ ಆಯಿತು: ಯಾರ ಹತ್ತಿರ ಎಷ್ಟಿದೆ ಅಂತ ಕೇಳಬಾರದು.

ಎರಡನೇ ನಿಯಮಕ್ಕೆ ಜಗಳ ಆಯಿತು. ಡಬಲ್ ಇರುವ ಪ್ರತಿಗಳನ್ನು ಒಂದಕ್ಕೊಂದು ಬದಲಾಯಿಸಿಕೊಳ್ಳೋಣ, ಮಾರುಕಟ್ಟೆ ಬೆಲೆ ನೋಡುವುದು ಬೇಡ ಅಂತ ನಾನು ಹೇಳಿದೆ. ಒಬ್ಬರು ಒಪ್ಪಲಿಲ್ಲ. "ಮೊದಲ ಐವತ್ತರೊಳಗಿನ ಒಂದು ಪ್ರತಿಗೆ 1985ರದ್ದು ಸಮ ಹೇಗಾಗುತ್ತೆ ಮೇಡಂ? ನಾನು ಅದಕ್ಕೆ ಒಂದು ತಿಂಗಳ ಪೆಟ್ರೋಲ್ ದುಡ್ಡು ಹಾಕಿದ್ದೀನಿ" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಮೊದಲ ನೂರನ್ನು ಈ ನಿಯಮದಿಂದ ಹೊರಗಿಟ್ಟೆವು. ಅವನ್ನು ಓದಲು ಮಾತ್ರ ಕೊಡುವುದು, ನೋಟ್‌ಬುಕ್‌ನಲ್ಲಿ ಬರೆದು. ಉಳಿದಿದ್ದೆಲ್ಲ ಒಂದಕ್ಕೊಂದು. ಇಷ್ಟು ವರ್ಷದಲ್ಲಿ ನೋಟ್‌ಬುಕ್‌ನಲ್ಲಿ ಬರೆದು ಕೊಟ್ಟಿದ್ದು ಎರಡೇ ಎರಡು ವಾಪಸ್ ಬಂದಿಲ್ಲ.

ಗುಂಪಿನಿಂದ ಆದ ಇನ್ನೊಂದು ಉಪಕಾರ ಹೇಳಲೇಬೇಕು. ಹೊಸದಾಗಿ ಸೇರಿದ ಹುಡುಗನೊಬ್ಬ 123ನೇ ಮತ್ತು 124ನೇ ಸಂಚಿಕೆಗಾಗಿ ಊರೆಲ್ಲ ಹುಡುಕುತ್ತಿದ್ದ. ಯಾರೋ ಕೊಡಿಸುತ್ತೇನೆ ಅಂದಿದ್ದರಂತೆ, ಇವನು ದುಡ್ಡು ಕಳಿಸಲು ಹೊರಟಿದ್ದ. ಆ ಎರಡು ನಂಬರ್ ಅಚ್ಚಾಗಲೇ ಇಲ್ಲ. ಆಗ ಮುಷ್ಕರ ನಡೆದಿತ್ತು. ಇದು ಹಳಬರಿಗೆಲ್ಲ ಗೊತ್ತಿದ್ದ ವಿಷಯ. ಕೇಳುವುದಕ್ಕೆ ಅವನಿಗೆ ಸಂಕೋಚ ಇರಲಿಲ್ಲ, ಅದರಿಂದ ದುಡ್ಡು ಉಳಿಯಿತು.

ಆಮೇಲೆ ಒಬ್ಬ ಕಾಲೇಜು ಹುಡುಗಿ ಬಂದಳು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಮೂರನೇ ಭಾನುವಾರವೇ ಕೇಳಿದಳು, "ಆಂಟಿ, ಕಾಡಿನ ಜನ ಯಾಕೆ ಯಾವಾಗಲೂ ಒಬ್ಬ ಬಿಳಿಯ ಬಂದು ಕಾಪಾಡಲಿ ಅಂತ ಕಾಯ್ತಾ ಇರ್ತಾರೆ? ಇದು ನಿಮಗೆ ಬೇಜಾರಾಗಲ್ವಾ?"

ಎಲ್ಲರೂ ಸುಮ್ಮನಾದೆವು. ಒಬ್ಬರಿಗೆ ಸಿಟ್ಟು ಬಂತು. ನಾನು ಅವಳ ಪಕ್ಕಕ್ಕೆ ಹೋಗಿ ಕೂತೆ. ಅವಳು ಕೇಳಿದ್ದು ಸರಿಯಾಗಿತ್ತು. ನಮ್ಮ ದೇಶದಲ್ಲೇ ಇಂದ್ರಜಾಲದವರು ಹೆಸರುಗಳನ್ನು ಬದಲಾಯಿಸಿದ್ದರಲ್ಲ. ಕಥೆ ನಡೆಯುವ ದೇಶ ಡೆಂಕಾಲಿ ಆಯಿತು, ಸಿಂಗ್ ಕಡಲುಗಳ್ಳರು ಸಿಂಗಾ ಆದರು. ಓದುವವರಿಗೆ ನೋವಾಗಬಾರದು ಅನ್ನುವ ಯೋಚನೆ ಇಲ್ಲದೆ ಹೀಗೆ ಮಾಡಿರಲಾರರು ಅಂತ ನನಗನ್ನಿಸುತ್ತದೆ. ಮಾಂಡ್ರೇಕ್‌ನ ಜೊತೆಗಾರ ಲೋಥಾರ್‌ನನ್ನು ಮೊದಮೊದಲು ಚಿರತೆ ಚರ್ಮ ಹೊದ್ದು, ಅರ್ಧಂಬರ್ಧ ಮಾತಾಡುವ ಆಳಿನಂತೆ ತೋರಿಸಿದ್ದರು. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಅವನ ಬಟ್ಟೆ ಬದಲಾಯಿತು, ಮಾತು ನೆಟ್ಟಗಾಯಿತು. ಕಾಡಿನ ದೇಶಕ್ಕೂ ಮುಂದೆ ಲುವಾಗಾ ಅನ್ನುವ ಆಫ್ರಿಕನ್ ಅಧ್ಯಕ್ಷ ಬಂದ. ಇದನ್ನೆಲ್ಲ ಅವಳಿಗೆ ಹೇಳಿದೆ. "ಆದರೂ ಸಿಂಹಾಸನದಲ್ಲಿ ಕೂರೋದು ಫ್ಯಾಂಟಮ್ಮೇ ಅಲ್ವಾ" ಅಂದಳು. ಹೌದು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಎಂಟು ವರ್ಷದವಳಾಗಿ ಓದಿದಾಗ ಆದ ಸಂತೋಷವೂ ನಿಜ, ಅವಳು ತೋರಿಸಿದ ತಪ್ಪೂ ನಿಜ. ಎರಡನ್ನೂ ಇಟ್ಟುಕೊಂಡೇ ಓದುತ್ತೇನೆ.

ಅವಳಿಗೆ ನಾನು ಓದಲು ಕೊಟ್ಟ ಮೊದಲ ಕಥೆ ಜೂಲಿಯದ್ದು. ಫ್ಯಾಂಟಮ್‌ನ ಮುಖವಾಡ ಅಪ್ಪನಿಂದ ಮಗನಿಗೆ ಬರುವುದಲ್ಲ, ಆ ಸಾಲಿನ ಹದಿನೇಳನೇ ಫ್ಯಾಂಟಮ್‌ನ ಅವಳಿ ತಂಗಿ. ಅಣ್ಣ ಗಾಯಗೊಂಡು ಮಲಗಿದಾಗ ತಾನೇ ಮುಖವಾಡ ಹಾಕಿಕೊಂಡು ಹೊರಟವಳು. ವಾಪಸ್ ಕೊಡುವಾಗ ಹುಡುಗಿ ಅದಕ್ಕೆ ಹೊಸ ಕವರ್ ಹಾಕಿ ತಂದಿದ್ದಳು. ಈಗ ನೋಟ್‌ಬುಕ್ ಬರೆಯುವ ಕೆಲಸ ಅವಳದ್ದೇ.

ಹೋದ ತಿಂಗಳು ಆಟೊ ಅಣ್ಣ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದರು. ಅವರ ಮಾವನ ಕಟಿಂಗ್ ಶಾಪ್ ಖಾಲಿ ಮಾಡುವಾಗ ಅಟ್ಟದ ಮೇಲೆ ನಾಲ್ಕು ಸಿಕ್ಕವಂತೆ. ನಾಲ್ಕೂ ಕನ್ನಡದ್ದು. ಒಂದಕ್ಕೆ ಮುಖಪುಟ ಇಲ್ಲ, ಒಂದರ ಮೂಲೆಯನ್ನು ಇಲಿ ತಿಂದಿದೆ. "ಇವನ್ನು ನೀವೇ ಇಟ್ಟುಕೊಳ್ಳಿ ಅಣ್ಣ, ನಿಮ್ಮ ಮೊದಲ ಪ್ರತಿಗಳು" ಅಂದೆ. ಅವರು ತಲೆ ಆಡಿಸಿದರು. "ಇಟ್ಕೊಳ್ತೀನಿ ಅಕ್ಕ. ಆದ್ರೆ ನೋಟ್‌ಬುಕ್‌ನಲ್ಲಿ ಬರೀರಿ. ಯಾರಿಗೆ ಬೇಕೋ ತಗೊಂಡು ಓದಲಿ."

ಹುಡುಗಿ ಹೊಸ ಪುಟ ತೆಗೆದು ಅವರ ಹೆಸರು ಬರೆದಳು. ಸದ್ಯಕ್ಕೆ ಆ ನಾಲ್ಕೂ ನಮ್ಮನೆ ಫ್ರೀಜರ್‌ನಲ್ಲಿವೆ, ಬಟಾಣಿ ಪ್ಯಾಕೆಟ್ ಪಕ್ಕದಲ್ಲಿ. ಬರುವ ಗುರುವಾರಕ್ಕೆ ಎರಡು ವಾರ ಆಗುತ್ತದೆ. ಶುಕ್ರವಾರ ಬಿಚ್ಚಿ, ದಾರ ಪೋಣಿಸಿ, ಭಾನುವಾರ ಅವರ ಕೈಗೆ ಕೊಡಬೇಕು.