‘ಯಾರ ಅಪ್ಪನಿಗೆ?’: ಬೋಡೊ, ಲಿಥುವೇನಿಯನ್ ಮತ್ತು ನನ್ನ ನೋಟ್‌ಬುಕ್ಕು

ಆಫೀಸಿನ ಕ್ಯಾಂಟೀನಿನಲ್ಲಿ, ಬೋಡೊ ಮನೆಮಾತಿನ, ಅಸ್ಸಾಮಿನ ಕೋಕ್ರಾಝಾರದ ಗೆಳೆಯನನ್ನು ಕೂರಿಸಿಕೊಂಡು, "ಬೋಡೊದಲ್ಲಿ ಅಪ್ಪನಿಗೆ ಏನಂತೀರಿ?" ಎಂದು ಕೇಳಿದೆ. ಅವನು ಟೀ ಲೋಟ ಕೆಳಗಿಟ್ಟು, "ಯಾರ ಅಪ್ಪನಿಗೆ?" ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಲ್ಲ. ನನ್ನಪ್ಪ ಆಫಾ, ನಿನ್ನಪ್ಪ ನೊಮ್‌ಫಾ, ಅವನಪ್ಪ ಬಿಫಾ. ಯಾರಿಗೂ ಸೇರದ ಬರೀ ಅಪ್ಪನನ್ನು ಕೊಡು ಅಂದರೆ ಅವನು ಎಲ್ಲಿಂದ ತರಬೇಕು? ನನ್ನ ನೋಟ್‌ಬುಕ್ಕಿನ ಲಿಥುವೇನಿಯನ್ ಕಾಲಂನಲ್ಲಿ ‘ತೇವಸ್’ ಅಂತ ಒಂದೇ ಪದ ಬರೆದಿದ್ದೆ. ಪಕ್ಕದಲ್ಲಿ ಮೂರು ತುರುಕಿದೆ. ಮೊದಲ ದಿನವೇ ನನ್ನ ಪಟ್ಟಿ ಕೆಟ್ಟಿತು.

ಈ ಹುಚ್ಚು ಶುರುವಾಗಿದ್ದು ಲಿಥುವೇನಿಯದ ರಾಜಧಾನಿ ವಿಲ್ನಿಯಸ್‌ನಲ್ಲಿ. ಕೆಲಸಕ್ಕೆಂದು ಎರಡು ವರ್ಷ ಅಲ್ಲಿದ್ದೆ. ಸಂಜೆ ತರಗತಿಗೆ ಹೋಗಿ ಭಾಷೆ ಕಲಿತೆ. ಮಗನಿಗೆ ಸೂನುಸ್, ಬೆಂಕಿಗೆ ಉಗ್ನಿಸ್, ಹಲ್ಲಿಗೆ ದಂತಿಸ್, ಹೊಗೆಗೆ ದೂಮಾಯ್, ಕನಸಿಗೆ ಸಪ್ನಸ್. ಅಲ್ಲಿನ ಒಂದು ಗಾದೆ: "ದಿಯೆವಸ್ ದಾವೇ ದಂತಿಸ್, ದುಓಸ್ ಇರ್ ದುಓನೋಸ್." ಹಲ್ಲು ಕೊಟ್ಟ ದೇವರು ರೊಟ್ಟಿಯನ್ನೂ ಕೊಡುತ್ತಾನೆ ಅಂತ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದೇ ಅಲ್ವಾ! ಬಾಲ್ಟಿಕ್ ಸಮುದ್ರದ ದಡದಲ್ಲಿ ನೆಂಟರು ಸಿಕ್ಕರು ಎಂದು ಖುಷಿಪಟ್ಟೆ. ಬೆಂಗಳೂರಿಗೆ ವಾಪಸಾದ ಮೇಲೆ, 2003ರ ತಿದ್ದುಪಡಿಯಲ್ಲಿ ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಬೋಡೊದ ಒಂದು ಪದವೂ ನನಗೆ ಗೊತ್ತಿಲ್ಲವಲ್ಲ ಅನ್ನಿಸಿ ನಾಚಿಕೆಯಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಂತ ನೋಟ್‌ಬುಕ್ಕು ತೆರೆದೆ.

ಮೂರು ಕಾಲಂ, ನೂರು ಪದ. ಕನ್ನಡದ ಕಾಲಂನಲ್ಲಿ ಅಗ್ನಿ, ದಂತ, ಧೂಮ ಬರೆದಿದ್ದೆ. ಅದೇ ದೊಡ್ಡ ತಪ್ಪು. ಅವು ನಾವು ಸಂಸ್ಕೃತದಿಂದ ತಂದುಕೊಂಡವು. ಸಂಸ್ಕೃತವೂ ಲಿಥುವೇನಿಯನ್ನೂ ಇಂಡೋ-ಯುರೋಪಿಯನ್ ಮನೆತನದವು, ಅವಕ್ಕೆ ಅದು ಹುಟ್ಟಿನಿಂದ ಬಂದ ಆಸ್ತಿ. ನಮಗೆ ಸಾಲ. ಹೊಡೆದು ಹಾಕಿ ಬೆಂಕಿ, ಹಲ್ಲು, ಹೊಗೆ ಅಂತ ಬರೆದೆ. ನೆಂಟಸ್ತಿಕೆ ಆವಿಯಾಯಿತು. ಬೋಡೊದಲ್ಲಿ ಬೆಂಕಿ ‘ಅರ್’, ಹಲ್ಲು ‘ಹಾಥಾಯ್’. ಮೂರೂ ಮೂರು ದಾರಿ.

ಆದರೂ ಆಸೆ ಬಿಡಬೇಕಲ್ಲ. ಮನೆಗೆ ಲಿಥುವೇನಿಯನ್ನಿನಲ್ಲಿ ‘ನಾಮಸ್’, ಬೋಡೊದಲ್ಲಿ ‘ನೊ’. ಎರಡೂ ‘ನ’ದಿಂದಲೇ ಶುರು! ಕೆಂಪು ಇಂಕಿನಲ್ಲಿ ಗುರುತು ಹಾಕಿದೆ. ಆಮೇಲೆ ಅವುಗಳ ಒಡಹುಟ್ಟಿದವರನ್ನು ವಿಚಾರಿಸಿದೆ. ಬೋಡೊಗೆ ಹತ್ತಿರದ ಭಾಷೆಗಳಾದ ಗಾರೋ, ಕೊಕ್‌ಬೊರೊಕ್ ಎರಡರಲ್ಲೂ ಮನೆ ಅಂದರೆ ‘ನೊಕ್’. ಬೋಡೊ ಕೊನೆಯ ಕಕಾರ ಕಳೆದುಕೊಂಡಿದೆ. ನಾಮಸ್‌ನ ಮೊದಲ ಅಕ್ಷರವಂತೂ ಹಿಂದೆ ‘ದ’ ಆಗಿತ್ತು, ರಷ್ಯನ್ನಿನ ‘ದೋಮ್’ ಅದರ ಬಳಗ ಅನ್ನುತ್ತಾರೆ ಬಲ್ಲವರು. ಕೆಂಪು ಗುರುತನ್ನು ವೈಟ್ನರ್ ಹಚ್ಚಿ ಅಳಿಸಿದೆ. ಎರಡು ಪದ ಹೋಲುತ್ತವೆ ಅನ್ನಿಸಿದರೆ ಈಗ ನಾನು ಮೊದಲು ಅವುಗಳ ಅಣ್ಣತಮ್ಮಂದಿರನ್ನು ಕೇಳುತ್ತೇನೆ.

ಲೆಕ್ಕದಲ್ಲಿ ಮತ್ತೆ ಎಡವಿದೆ. ಬೋಡೊದಲ್ಲಿ ಒಂದು ‘ಸೆ’, ಎರಡು ‘ನೈ’, ಮೂರು ‘ಥಾಮ್’. ಕಲಿತ ಜೋಶಿನಲ್ಲಿ ಜನರನ್ನು ಬರೀ ಸೆ, ನೈ ಅಂತ ಎಣಿಸಿದೆ. ಗೆಳೆಯ ನಕ್ಕುಬಿಟ್ಟ. ಜನರಾದರೆ ಸಾಸೆ, ಸಾನೈ. ಪ್ರಾಣಿಗಳಾದರೆ ಮಾಸೆ, ಮಾನೈ. ಹಣ್ಣಾದರೆ ಥಾಯ್‌ಸೆ. ಎಣಿಸುವ ವಸ್ತು ಯಾವ ಬಗೆಯದು ಅಂತ ಅಂಕಿಯ ಮೇಲೇ ಚೀಟಿ ಅಂಟಿಸಬೇಕು. ನಗು ನಿಂತ ಮೇಲೆ ಹೊಳೆಯಿತು, ನಾವೂ ‘ಎರಡು ಮೇಷ್ಟ್ರು ಬಂದರು’ ಅನ್ನುವುದಿಲ್ಲ, ಇಬ್ಬರು ಅಂತೀವಿ. ಮೂವರು, ನಾಲ್ವರು, ಐವರು. ಲಿಥುವೇನಿಯನ್ನಿಗೆ ಚಿಂತೆಯೇ ಬೇರೆ. ಗಂಡಸರಾದರೆ ‘ದು’, ಹೆಂಗಸರಾದರೆ ‘ದ್ವಿ’. ಹತ್ತಕ್ಕೆ ಬಂದರೆ ‘ಹತ್ತು ಮನೆಗಳು’ ಅನ್ನುವಂತಿಲ್ಲ, ‘ಮನೆಗಳ ಹತ್ತು’ ಅನ್ನುವ ಹಾಗೆ ಷಷ್ಠಿ ಬೇಕು.

ಪದಪಟ್ಟಿ ಬದಿಗಿಟ್ಟು ನಲವತ್ತು ಸಣ್ಣ ವಾಕ್ಯ ಮಾಡಿಕೊಂಡೆ. ನಿಜವಾದ ಮಜಾ ಅಲ್ಲಿ ಸಿಕ್ಕಿತು. ‘ಆಂಗ್ ದೈ ಲೊಂಗೊ’: ನಾನು ನೀರು ಕುಡೀತೀನಿ. ಮೂರು ಪದ, ನಮ್ಮದೇ ಸಾಲು. ನಾವು ‘ನೀರನ್ನು’ ಅನ್ನದೆ ಸುಮ್ನೆ ‘ನೀರು’ ಅನ್ನುವ ಹಾಗೆ ಅಲ್ಲೂ ದ್ವಿತೀಯೆಯ ‘ಖೌ’ ಬಿಟ್ಟಿದ್ದಾರೆ. ಕುಡಿಯಲ್ಲ ಅನ್ನಲು ಕ್ರಿಯಾಪದದ ಬಾಲ ಬದಲಾದರೆ ಸಾಕು, ‘ಲೊಂಗಾ’. ನಮ್ಮ ‘ಕುಡಿಯೆ’, ‘ಒಲ್ಲೆ’ ನೆನಪಾಗಲಿಲ್ವಾ? ಲಿಥುವೇನಿಯನ್ನಿನಲ್ಲಿ ‘ಅಶ್ ಗೆರಿಯು ವಾಂದೆನೀ’, ಕ್ರಿಯಾಪದ ನಡುವೆ. ‘ಕುಡಿಯಲ್ಲ’ ಅಂದರೆ ನೀರಿನ ರೂಪವೇ ಬದಲಾಗಿ ‘ವಾಂದೆನ್ಸ್’. ಬೇಡ ಅಂದಿದ್ದು ನಾನು, ನೀರಿಗೇಕೆ ಶಿಕ್ಷೆ!

ಹಾಗಂತ ಬೋಡೊ ಪೂರ್ತಿ ನಮ್ಮ ಅಚ್ಚಲ್ಲ. ಆಂಗ್ ಲೊಂಗೊ, ನೊಂಗ್ ಲೊಂಗೊ, ಬಿ ಲೊಂಗೊ. ನಾನು, ನೀನು, ಅವನು ಯಾರು ಕುಡಿದರೂ ಕ್ರಿಯಾಪದ ಅಲುಗುವುದಿಲ್ಲ. ಕುಡೀತೀನಿ, ಕುಡೀತೀಯ, ಕುಡೀತಾನೆ ಎನ್ನುವ ನಮಗೆ ಇಲ್ಲಿ ಗೆರಿಯು, ಗೆರಿ, ಗೆರಿಯಾ ಎನ್ನುವ ಲಿಥುವೇನಿಯನ್ನೇ ಹತ್ತಿರ.

ಉಚ್ಚಾರಣೆಯಲ್ಲಿ ತುಳು ಕೈ ಹಿಡಿಯಿತು. ನಾನು ಪುತ್ತೂರಿನವನು. ಬೋಡೊದವರು ದೇವನಾಗರಿಯಲ್ಲಿ ಓಕಾರ ಹಾಕಿ ಬರೆಯುವ ಸ್ವರಕ್ಕೆ ತುಟಿ ಗುಂಡಗೆ ಮಾಡಬಾರದು. ತುಳುವಿನ ‘ಕಣ್ಣ್‌’ ಪದದ ಕೊನೆಯಲ್ಲಿ ಬರುತ್ತಲ್ಲ, ಹೆಚ್ಚುಕಡಿಮೆ ಅದು. ಇಲ್ಲಿ ‘ಲೊಂಗೊ’ ಅಂತ ಬರೆದಿದ್ದನ್ನೂ ಹಾಗೇ ಓದಿಕೊಳ್ಳಿ. ದನಿಯ ಏರಿಳಿತ ಎರಡರಲ್ಲೂ ಅರ್ಥ ಬದಲಿಸುತ್ತದೆ. ಲಿಥುವೇನಿಯನ್ನಿನಲ್ಲಿ ‘ಶೌಕ್’ ಎಂದು ದನಿ ಇಳಿಸಿದರೆ ಗುಂಡು ಹಾರಿಸು, ಏರಿಸಿದರೆ ಕೂಗು. ತರಗತಿಯಲ್ಲಿ ನಾನು ಎಷ್ಟು ಸಲ ಗುಂಡು ಹಾರಿಸಿದೆನೋ.

ಲಿಪಿಗಾಗಿ ಎರಡೂ ಪೆಟ್ಟು ತಿಂದಿವೆ. ರಷ್ಯಾದ ತ್ಸಾರ್ ಸರ್ಕಾರ 1864ರಿಂದ 1904ರವರೆಗೆ ಲ್ಯಾಟಿನ್ ಅಕ್ಷರದ ಲಿಥುವೇನಿಯನ್ ಪುಸ್ತಕಗಳನ್ನು ನಿಷೇಧಿಸಿತ್ತು. ಜನ ಗಡಿಯಾಚೆ ಅಚ್ಚು ಹಾಕಿಸಿ ಕದ್ದು ತಂದರು. ಬೋಡೊದವರು 1974-75ರಲ್ಲಿ ರೋಮನ್ ಲಿಪಿಗಾಗಿ ಚಳವಳಿ ಮಾಡಿ, ಜೀವ ಕಳೆದುಕೊಂಡು, ಕೊನೆಗೆ ದೇವನಾಗರಿಗೆ ಒಪ್ಪಿದರು. ಈ ವಿಷಯ ಬಂದಾಗ ಗೆಳೆಯ ಜಾಸ್ತಿ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ.

ಕಳೆದ ವಾರ ನೋಟ್‌ಬುಕ್ಕನ್ನು ಅವನೇ ತನ್ನ ಕಡೆ ಎಳೆದುಕೊಂಡ. ಕನ್ನಡದ ಕಾಲಂ ಮೇಲೆ ಬೆರಳಿಟ್ಟು, "ಬಸ್ಸಲ್ಲಿ, ಅಂಗಡೀಲಿ, ಸಣ್ಣ ಹುಡುಗರಿಗೂ ನೀವು ಏನಪ್ಪ, ಬಾರಪ್ಪ ಅಂತೀರಲ್ಲ," ಅಂದ. "ಅದು ಯಾರ ಅಪ್ಪ?"