ನಿಮ್ಮ ಜಾಗದ ಹೆಸರಲ್ಲಿರುವ 'ಬೈಲು' ಅಂದ್ರೆ ಎಂತ, ಪತ್ತೆ ಮಾಡುದು ಹೇಗೆ

ಕಾಸರಗೋಡಲ್ಲಿ ಸೂರಂಬೈಲು ಅಂತ ಊರೇ ಉಂಟು, ಅದು ಬಿಟ್ಟು ಮನೆ ಹೆಸರಲ್ಲಿ, ಗದ್ದೆ ಹೆಸರಲ್ಲಿ ಬೈಲು ಎಷ್ಟುಂಟು ಅಂತ ಲೆಕ್ಕ ಇಟ್ಟವರಿಲ್ಲ. ಇದರ ಅರ್ಥ ಬೇಕಾದ್ರೆ ಮೊದಲು ಡಿಕ್ಷನರಿ ತೆಗಿಬೇಡಿ. ಘಟ್ಟದ ಮೇಲಿನವರಿಗೆ ಬಯಲುಸೀಮೆ ಅಂದ್ರೆ ಮಳೆ ಕಮ್ಮಿ ಇರುವ ಒಣ ನೆಲ, ನಮಗೆ ಬೈಲು ಅಂದ್ರೆ ಎರಡು ಗುಡ್ಡೆ ನಡುವೆ ತಗ್ಗಲ್ಲಿ ನೀರು ನಿಲ್ಲುವ ಗದ್ದೆ, ಶಬ್ದ ಒಂದೇ ಆದ್ರೂ ನೆಲ ಬೇರೆ.

ಹಾಗಾಗಿ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಜೋರು ಮಳೆಗಾಲದಲ್ಲಿ, ಒಂದು ದಿನ ಮೇಲಿಂದ ಕೆಳಗೆ ನಡೀರಿ. ಮೇಲೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಸಮತಟ್ಟು, ಅದು ಪದವು ಅಥವಾ ಅಡ್ಕ, ಮೀಯಪದವು, ಬದಿಯಡ್ಕ, ಕಾರಡ್ಕ ಎಲ್ಲ ಆ ಜಾತಿಯ ಹೆಸರು. ಇಳೀತಾ ಬಂದ್ರೆ ಮಳೆ ನಂಬಿದ ಬೆಟ್ಟು ಗದ್ದೆ, ಆಮೇಲೆ ನಡುವಿನ ಮಟ್ಟದ ಮಜಲು ಗದ್ದೆ, ಕಡೆಗೆ ಕಟ್ಟಪುಣಿಯಿಂದ (ಗದ್ದೆಯ ಬದುವಿನಿಂದ) ಕಾಲು ಜಾರಿದ್ರೆ ಮೊಣಕಾಲವರೆಗೆ ಹೂತು ಹೋಗುವ ಕಪ್ಪು ಕೆಸರು ಬಂತಲ್ಲ, ಅದೇ ಬೈಲು. ಅಲ್ಲೇ ಯಾರಾದ್ರೂ ಹಿರಿಯರು ಸಿಕ್ಕಿದ್ರೆ "ಅಜ್ಜಾ, ಇಲ್ಲಿ ಕೊಳಕೆ ಮಾಡ್ತಿದ್ರಾ?" ಅಂತ ಒಂದೇ ಪ್ರಶ್ನೆ ಕೇಳಿ. ಬೆಟ್ಟಿಗೆ ಮಳೆಗಾಲದ ಏಣೆಲು ಒಂದೇ ಬೆಳೆ, ಮಜಲಿಗೆ ಏಣೆಲು ಮತ್ತೆ ಎರಡನೇ ಬೆಳೆ ಸುಗ್ಗಿ, ಮೂರನೇ ಬೆಳೆ ಕೊಳಕೆ ತೆಗೀಬೇಕಾದ್ರೆ ಬೈಲೇ ಆಗ್ಬೇಕು. ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಇನ್ನು ಶಬ್ದದ ಮೂಲ. ಬೈಲು ಮಲಯಾಳದ 'ವಯಲ್' ಕೆಟ್ಟು ಬಂದದ್ದು ಅಂತ ಕೆಲವರು ಹೇಳ್ತಾರೆ, ದಯವಿಟ್ಟು ನಂಬಬೇಡಿ. ಮಲಯಾಳ, ತಮಿಳಿನ ಶಬ್ದಗಳನ್ನು ನಮ್ಮ ಶಬ್ದದ ಪಕ್ಕ ಇಟ್ಟು ಜೋರಾಗಿ ಓದಿ ನೋಡಿ, ವಾಯ್ - ಬಾಯಿ, ವೇರ್ - ಬೇರು, ವಿಲ್ - ಬಿಲ್ಲು, ವಯಲ್ - ಬಯಲು. ಅವರ ವಕಾರ ಇರುವಲ್ಲಿ ನಮಗೆ ಬಕಾರ, ಸಾಲಾಗಿ ಹೀಗೇ ಸಿಗ್ತದೆ. ಅಂದ್ರೆ ಒಂದೇ ದ್ರಾವಿಡ ಬೇರಿನ ಅಕ್ಕತಂಗಿ ಶಬ್ದಗಳು, ಯಾರೂ ಯಾರಿಂದಲೂ ಸಾಲ ತಂದದ್ದಲ್ಲ. ಹಳಗನ್ನಡದಲ್ಲೂ 'ಬಯಲ್' ಅಂತಲೇ ಉಂಟು, ನಮ್ಮ ಬಾಯಲ್ಲಿ ಸವೆದು ಬೈಲು ಆಯ್ತು ಅಷ್ಟೆ. ಮಲಯಾಳ, ತಮಿಳಲ್ಲಿ ವಯಲ್ ಅಂದ್ರೆ ಭತ್ತದ ಗದ್ದೆ, ನಮ್ಮ ಕರಾವಳಿಯ ಬೈಲೂ ಅದೇ. ತೆರೆದ ಜಾಗ ಅನ್ನುವ ಅರ್ಥ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಕೊಯ್ಲು ಆದ ಗದ್ದೆಯಲ್ಲಿ ರಂಗಸ್ಥಳ ಹಾಕಿ ಕುಣಿಯುವ ಆಟಕ್ಕೆ ಬಯಲಾಟ ಅಂತಲೇ ಹೇಳುದಲ್ವಾ.

ಕಾಗದಪತ್ರವನ್ನೂ ಒಮ್ಮೆ ನೋಡಿ. 1956ರವರೆಗೆ ನಾವು ಕಾಸರಗೋಡಿನವರು ಮದ್ರಾಸಿನ ಸೌತ್ ಕೆನರಾ ಜಿಲ್ಲೆಯಲ್ಲಿದ್ದವರು, ಹಳೇ ರೆಕಾರ್ಡಲ್ಲಿ ನಂಜ ಅಂತಿದ್ರೆ ನೀರಿನ ಗದ್ದೆ, ಪುಂಜ ಅಂದ್ರೆ ಒಣ ಜಾಗ, ಬಾಗಾಯ್ತು ಅಂದ್ರೆ ತೋಟ. ಈಗಿನ ಕೇರಳದ ಪತ್ರದಲ್ಲಿ ಭತ್ತದ ಗದ್ದೆಗೆ 'ನಿಲಂ' ಅಂತಿರ್ತದೆ, ಅದನ್ನು ಹುಡುಕಿ.

ಸುಮಾರು ಬೈಲುಗಳಲ್ಲಿ ಈಗ ಅಡಿಕೆ ತೋಟ, ನೋಡಿದ ಕೂಡಲೇ ಗೊತ್ತಾಗುದಿಲ್ಲ. ಅಂಥಲ್ಲಿ ಕಣಿಗೆ (ತೋಟದ ನೀರು ಹೋಗುವ ಚರಂಡಿಗೆ) ಇಳಿದು ನೋಡಿ, ಆಳ ತೆಗೆದಿದ್ದು ಮಳೆ ಬಿಟ್ಟು ತಿಂಗಳಾದ್ರೂ ನೀರು ಹರೀತಾ ಉಂಟಾದ್ರೆ ನೀವು ನಿಂತದ್ದು ಬೈಲಲ್ಲೇ.