ಎಡಕ್ಕೆ ಕಡಲು, ಬೆನ್ನಿಗೆ ಚೀಲ: ಕುಮಟಾದಿಂದ ಗೋಕರ್ಣಕ್ಕೆ ಎರಡು ದಿನದ ನಡಿಗೆ

‘ತಮಾ, ಆ ಕಲ್ಲಿನ ಬದಿ ಹೋಗೂದ್ ಬ್ಯಾಡ. ಭರತ ಬರ್ತಾ ಅದೆ.’

ಕಡ್ಲೆ ಕಡಲತೀರದ ಕೊನೆಯಲ್ಲಿ ಒಣಮೀನು ಹರವುತ್ತಿದ್ದ ಅಜ್ಜಿ ಹೇಳಿದ ಮಾತಿದು. ಭರತ ಅಂದರೆ ಕಡಲಿನ ಉಬ್ಬರ. ‘ಹತ್ತು ನಿಮಿಷದಲ್ಲಿ ದಾಟ್ತೇನೆ ಅಮ್ಮಾ’ ಅಂದೆ. ದಾಟಲಿಲ್ಲ. ಮುಂದಿನ ಬಂಡೆಗೂ ನನಗೂ ನಡುವೆ ತೊಡೆಮಟ್ಟದ ನೀರು ನುಗ್ಗಿತು, ತಿರುಗಿ ನೋಡಿದರೆ ಹಿಂದೆಯೂ ಅಷ್ಟೇ. ಮಧ್ಯಾಹ್ನ ಪೂರ್ತಿ ಒಂದು ಕಲ್ಲಿನ ಮೇಲೆ ಚೀಲ ತಬ್ಬಿಕೊಂಡು ಕೂತೆ. ಸುಮ್ಮನೆ ಕೂತದ್ದರಿಂದಲೋ ಏನೋ, ದಡದಿಂದ ಕಲ್ಲೆಸೆತದ ದೂರದಲ್ಲಿ ಮೂರು ಡಾಲ್ಫಿನ್‌ಗಳು ನಿಧಾನವಾಗಿ ಬೆನ್ನು ತೋರಿಸುತ್ತ ದಕ್ಷಿಣಕ್ಕೆ ಹೋದವು. ಅವುಗಳನ್ನೇ ನೋಡಲು ಅದಕ್ಕೆ ಹಿಂದಿನ ವರ್ಷ ದೋಣಿಗೆ ದುಡ್ಡು ಕೊಟ್ಟು ಬರಿಗೈಯಲ್ಲಿ ಬಂದಿದ್ದೆ.

ಈ ದಾರಿ ಬಳಸು ಸೇರಿ ಸುಮಾರು 25 ಕಿ.ಮೀ. ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನನ್ನ ಸಲಹೆ ಎರಡು ದಿನ.

ಮೊದಲು ಕಡಲಿನ ಗಡಿಯಾರ ನೋಡಿ

ರಜೆ ಹಾಕಿ, ರೈಲು ಟಿಕೆಟ್ ತೆಗೆದು, ಆಮೇಲೆ ಉಬ್ಬರ–ಇಳಿತ ನೋಡುವವರೇ ಹೆಚ್ಚು. ಇದನ್ನು ತಿರುಗಿಸಿ. ಮೊದಲು ಕಾರವಾರ ಬಂದರಿನ ಉಬ್ಬರದ ಪಟ್ಟಿ ತೆರೆಯಿರಿ, ಮೊಬೈಲಿನಲ್ಲೇ ಸಿಗುತ್ತದೆ. ಕುಮಟಾಕ್ಕೂ ಅದಕ್ಕೂ ಇರುವ ವ್ಯತ್ಯಾಸ ನಡೆಯುವವರಿಗೆ ಲೆಕ್ಕಕ್ಕೆ ಬರುವಷ್ಟಿಲ್ಲ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಕೆಯಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಪ್ರತಿದಿನ ಇದು ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಶನಿವಾರ ಬೆಳಿಗ್ಗೆ 8ಕ್ಕೆ ಪೂರ್ತಿ ಇಳಿತವಿದ್ದರೆ ಭಾನುವಾರ ಅದು 9ರ ಹತ್ತಿರ. ಇಂಥ ವಾರಾಂತ್ಯವನ್ನೇ ಹುಡುಕಿ: ಬೆಳಗಿನ 8ರಿಂದ 9ರೊಳಗೆ ಇಳಿತ ಇರಬೇಕು. ಬಂಡೆಗಳ ಬುಡ ತೆರೆದಿರುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಕಾಲು ಹೇಳುತ್ತದೆ. ಇಳಿತದಲ್ಲಿ ಹೊರಬಿದ್ದ ಒದ್ದೆ ಮರಳು ರಸ್ತೆಯಷ್ಟು ಗಟ್ಟಿ, ಗಂಟೆಗೆ 4 ಕಿ.ಮೀ. ಆರಾಮ. ಉಬ್ಬರದಲ್ಲಿ ಉಳಿಯುವುದು ಮೇಲಿನ ಒಣ ಮರಳು ಮಾತ್ರ. ಅದರಲ್ಲಿ ಹೆಜ್ಜೆ ಹೂತು, ಇಳಿಜಾರಿಗೆ ಒಂದೇ ಕಾಲು ಭಾರ ಹೊತ್ತು, ಸಂಜೆಗೆ ಪಾದದ ಕೀಲು ನೋಯುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ನೀರು ತುಂಬಾ ಹಿಂದೆ ಹೋಗುತ್ತದೆ, ಅಷ್ಟೇ ಜೋರಾಗಿ ಮೇಲೆ ಬರುತ್ತದೆ. ಮೊದಲ ಸಲ ಹೋಗುವವರಿಗೆ ಅದು ಬೇಡ. ಹೊರಡುವ ಹಿಂದಿನ ದಿನ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಎತ್ತರದ ಅಲೆಗಳ ಮುನ್ಸೂಚನೆಯನ್ನೂ ನೋಡಿ. ಕೆಂಪು ಎಚ್ಚರಿಕೆ ಇದ್ದರೆ ಹೋಗಬೇಡಿ, ಟಿಕೆಟ್ ದುಡ್ಡು ಹೋದರೆ ಹೋಗಲಿ.

ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ಮಳೆಗಾಲದ ಮಾತೇ ಬೇಡ. ಜೂನ್, ಜುಲೈಯಲ್ಲಿ 61 ದಿನ ಯಾಂತ್ರೀಕೃತ ದೋಣಿಗಳೇ ಕಡಲಿಗಿಳಿಯುವಂತಿಲ್ಲ.

ಚೀಲಕ್ಕೆ ಏನು

ಏಳು ಕಿಲೋ ದಾಟಬಾರದು. ಟೆಂಟ್ ಬಿಟ್ಟುಬಿಡಿ. ಕಾಗಾಲ, ಅಘನಾಶಿನಿ ಊರುಗಳಲ್ಲಿ ಹೋಮ್‌ಸ್ಟೇ ಇವೆ, ಫೋನ್ ಮಾಡಿ ಹೋದರೆ ಊಟವೂ ಸಿಗುತ್ತದೆ. ತೀರದಲ್ಲಿ ಟೆಂಟ್ ಬೇಡ ಎನ್ನುವುದಕ್ಕೆ ಆಮೆಗಳ ಕಾರಣವೂ ಇದೆ, ಮುಂದೆ ಹೇಳುತ್ತೇನೆ. ಮೂರು ಲೀಟರ್ ನೀರು, ಬೆಲ್ಲ–ಶೇಂಗಾ, ಟೋಪಿ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್. ಬೂಟಿನೊಳಗೆ ಮರಳು ಹೊಕ್ಕರೆ ಎರಡೇ ಗಂಟೆಯಲ್ಲಿ ಬೊಬ್ಬೆ. ಬಟ್ಟೆ, ಫೋನುಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡಿ. ಟಾರ್ಚಿನ ಗಾಜಿಗೆ ಕೆಂಪು ಬಣ್ಣದ ಪಾರದರ್ಶಕ ಹಾಳೆ ಅಂಟಿಸಿ, ಅದೂ ಆಮೆಗಳಿಗಾಗಿಯೇ. ಸಾಧ್ಯವಾದರೆ ಒಂದು ಬೈನಾಕ್ಯುಲರ್.

ಮೊದಲ ದಿನ: ಕುಮಟಾದಿಂದ ಅಘನಾಶಿನಿ

ಬೆಂಗಳೂರಿನವರಿಗೆ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಬೆಳಿಗ್ಗೆ ಕುಮಟಾದಲ್ಲಿ ಇಳಿದು, ಅವಲಕ್ಕಿಯೋ ಬನ್ಸೋ ತಿಂದು ವನ್ನಳ್ಳಿ ತೀರಕ್ಕೆ ಆಟೊ ಹಿಡಿಯಿರಿ. ಹೆಚ್ಚಿನವರು ಗೋಕರ್ಣದಿಂದ ಶುರು ಮಾಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ, ಖಾಲಿ ತೀರಗಳು ಮೊದಲು ಬರಲಿ, ಜನಜಂಗುಳಿ ಕೊನೆಗಿರಲಿ. ದಾರಿ ತಪ್ಪುವ ಮಾತಿಲ್ಲ, ಕಡಲು ಯಾವಾಗಲೂ ಎಡಕ್ಕಿದ್ದರಾಯಿತು.

ವನ್ನಳ್ಳಿ, ಕಡ್ಲೆ, ಬಾಡ, ಹೀಗೆ ಒಂದೊಂದೇ ತೀರ. ಎರಡು ತೀರಗಳ ನಡುವೆ ಕಡಲಿಗೆ ಚಾಚಿದ ಗುಡ್ಡ. ಇಲ್ಲಿ ನಿಯಮ ಸರಳ: ಬಂಡೆಯ ಬುಡ ಒದ್ದೆಯಾಗಿ, ಹಸಿರು ಪಾಚಿ ಮೆತ್ತಿಕೊಂಡಿದ್ದರೆ ಅದು ಕಡಲಿನ ಜಾಗ. ಇಳಿತ ಮುಗಿದು ಒಂದೂವರೆ ಗಂಟೆ ಕಳೆದಿದ್ದರೆ ಗುಡ್ಡದ ಮೇಲಿನ ಕಾಲುದಾರಿ ಹಿಡಿಯಿರಿ. ಯಾರಾದರೂ ಬೇಡ ಅಂದರೆ ಕೇಳಿ, ನನ್ನ ಹಾಗೆ ಮಾಡಬೇಡಿ.

ಬಾಡ ದಾಟಿದ ಮೇಲೆ ಕಾಗಾಲದ ಉದ್ದನೆಯ ತೀರ, ಪ್ರವಾಸಿಗರ ಬಾಯಲ್ಲಿ ನಿರ್ವಾಣ ಬೀಚ್. ಗಾಳಿಮರಗಳ ಸಾಲು, ನೆರಳು, ಮೈಲಿಗಟ್ಟಲೆ ಮರಳು. ಬೆಳಿಗ್ಗೆ ಬೇಗ ಬಂದರೆ ನೀರಿನಿಂದ ಮೇಲಕ್ಕೆ ಟ್ರ್ಯಾಕ್ಟರ್ ಚಕ್ರ ಉರುಳಿದಂಥ ಜಾಡು ಕಾಣಬಹುದು, ಎಡ–ಬಲ ಗುರುತುಗಳು ಒಂದಾದ ಮೇಲೊಂದು. ಆಲಿವ್ ರಿಡ್ಲಿ ಕಡಲಾಮೆ ರಾತ್ರಿ ಬಂದು ಹೋದದ್ದು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು 45ರಿಂದ 60 ದಿನ. ಜಾಡು ಸಿಕ್ಕರೆ ತುಳಿಯಬೇಡಿ, ಗೂಡು ಕೆದಕಬೇಡಿ, ಅರಣ್ಯ ಇಲಾಖೆಯ 1926ಕ್ಕೆ ತಿಳಿಸಿ. ಅವರು ಬೇಲಿ ಕಟ್ಟುತ್ತಾರೆ, ಇಲ್ಲವೇ ಮೊಟ್ಟೆಗಳನ್ನು ಸುರಕ್ಷಿತ ಜಾಗಕ್ಕೆ ಒಯ್ಯುತ್ತಾರೆ. ಮರಿಗಳು ಬೆಳಕಿದ್ದ ಕಡೆ ಓಡುತ್ತವೆ. ಕತ್ತಲ ತೀರದಲ್ಲಿ ಬೆಳಕೆಂದರೆ ಅವುಗಳಿಗೆ ಕಡಲು. ನಿಮ್ಮ ಟೆಂಟಿನ ದೀಪ ಬೆಳಗಿದರೆ ಅತ್ತ ಹೊರಡುತ್ತವೆ, ಬೆಳಗಾಗುವಷ್ಟರಲ್ಲಿ ಕಾಗೆಯ ಪಾಲು.

ಊರವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ ರಂಪಣಿ, ಅದನ್ನು ಎಳೆಯುತ್ತಿದ್ದರೆ ನಿಂತು ನೋಡಿ, ಆದರೆ ಬಲೆಯಿಂದ ಆಚೆ ಎಸೆದ ಹಾವುಗಳ ಹತ್ತಿರ ಹೋಗಬೇಡಿ. ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಬಾಲ ಕಂಡರೆ ಅದು ಕಡಲಹಾವು, ಸತ್ತಂತೆ ಬಿದ್ದಿದ್ದರೂ ವಿಷ ಸತ್ತಿರುವುದಿಲ್ಲ. ದಡಕ್ಕೆ ಬಿದ್ದ ಲೋಳೆಮೀನಿಗೂ ಇದೇ ಮಾತು. ಅದು ತಾಗಿ ಉರಿದರೆ ಉಜ್ಜಬೇಡಿ, ಕುಡಿಯುವ ನೀರು ಸುರಿಯಬೇಡಿ. ಕಡಲ ನೀರಲ್ಲೇ ತೊಳೆದು, ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಉಸಿರು ಕಟ್ಟಿದರೆ ಆಸ್ಪತ್ರೆ.

ಎರಡನೆಯ ದಿನ: ತಾರಿ ದಾಟಿ ಗೋಕರ್ಣಕ್ಕೆ

ಅಘನಾಶಿನಿ ಊರಿನಿಂದ ನದಿಯಾಚೆಯ ತದಡಿಗೆ ತಾರಿ, ಅಂದರೆ ದಾಟುದೋಣಿ. ಜನ, ಬೈಕು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೇ. ಅವಸರ ಪಡಬೇಡಿ, ಒಂದು ತಾರಿ ತಪ್ಪಿದರೂ ಚಿಂತೆಯಿಲ್ಲ, ಈ ಅಳಿವೆಯಲ್ಲಿ ನೋಡುವುದು ಬೇಕಾದಷ್ಟಿದೆ. ಅಣೆಕಟ್ಟಿಲ್ಲದೆ ಘಟ್ಟದಿಂದ ಹರಿದು ಬರುವ ಅಘನಾಶಿನಿ ನದಿ ಇದು. 2024ರ ಜನವರಿಯಲ್ಲಿ ಈ ಅಳಿವೆಗೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್ಸಾರ್ ಮಾನ್ಯತೆ ಬಂತು. ಇಳಿತದ ಹೊತ್ತಿನಲ್ಲಿ ಸೊಂಟಮಟ್ಟದ ನೀರಲ್ಲಿ ನಿಂತು ಊರವರು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಕಾಲಲ್ಲೇ ಕೆಸರು ತಡವಿ, ಚಿಪ್ಪು ಸಿಕ್ಕಿತೆಂದರೆ ಮುಳುಗಿ ಎತ್ತುತ್ತಾರೆ. ನೀವೂ ನೀರಿಗಿಳಿಯುವುದಾದರೆ ಹೆಜ್ಜೆ ಎತ್ತಿ ಇಡಬೇಡಿ, ಪಾದ ಉಜ್ಜುತ್ತ ಹೋಗಿ. ಮರಳಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಜಾಗ ಬಿಟ್ಟು ಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ.

ನದಿ ಕಡಲು ಸೇರುವಲ್ಲಿ ಮೀನು ಹೆಚ್ಚು, ಹಾಗಾಗಿ ಡಾಲ್ಫಿನ್ ಕೂಡ. ಇಲ್ಲಿಯದು ಗೂನುಬೆನ್ನಿನ ಜಾತಿ, ಬೆನ್ನಿನ ರೆಕ್ಕೆಯ ಬುಡದಲ್ಲಿ ಉಬ್ಬು ಇರುತ್ತದೆ. ಟಿ.ವಿಯಲ್ಲಿ ಕಂಡಂತೆ ಗಾಳಿಗೆ ಜಿಗಿದು ಪಲ್ಟಿ ಹೊಡೆಯುತ್ತದೆಂದು ಕಾಯಬೇಡಿ. ಮೊದಲು ಮೂತಿ, ಆಮೇಲೆ ಬೂದು ಬೆನ್ನು, ‘ಫುಸ್’ ಎಂದು ಉಸಿರು, ಅಷ್ಟೇ. ಒಂದು ಕಡೆ ಕಂಡರೆ ಅಲ್ಲೇ ದಿಟ್ಟಿಸದೆ ಅದು ಹೋಗುತ್ತಿದ್ದ ದಿಕ್ಕಿಗೆ ಸ್ವಲ್ಪ ಮುಂದೆ ನೋಡಿ, ಒಂದೆರಡು ನಿಮಿಷದಲ್ಲಿ ಮತ್ತೆ ಏಳುತ್ತದೆ. ಗಾಳಿ ಏಳುವ ಮೊದಲಿನ ನುಣ್ಣನೆ ನೀರಿನಲ್ಲಿ, ಅಂದರೆ ಬೆಳಿಗ್ಗೆ, ಕಣ್ಣಿಗೆ ಬೀಳುವುದು ಸುಲಭ.

ತದಡಿಯಿಂದ ಬೇಲೇಕಾನ, ಅಲ್ಲಿಂದ ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ. ಈ ಭಾಗದಲ್ಲಿ ಬಂಡೆ ಏರಿಳಿತವೇ ಜಾಸ್ತಿ. ಪ್ಯಾರಡೈಸಿಗೂ ಹಾಫ್‌ಮೂನಿಗೂ ನಡುವಿನ ದಾರಿ ಕಿರಿದು, ಅಲ್ಲಿ ಸೆಲ್ಫಿ ತೆಗೆಯಲು ನಿಲ್ಲಬೇಡಿ. ಓಂ ತೀರದಲ್ಲಿ ‘ಡಾಲ್ಫಿನ್ ತೋರಿಸ್ತೇವೆ’ ಎನ್ನುವ ದೋಣಿಗಳಿವೆ. ನಾಲ್ಕು ದೋಣಿ ಒಂದೇ ಪ್ರಾಣಿಯ ಬೆನ್ನು ಹತ್ತಿ ಎಂಜಿನ್ ಗುಡುಗಿಸುವುದನ್ನು ನೋಡಿದ ಮೇಲೆ ನಾನು ಹತ್ತಿಲ್ಲ. ಹತ್ತಲೇಬೇಕೆಂದರೆ ದೂರದಲ್ಲೇ ಎಂಜಿನ್ ನಿಲ್ಲಿಸಲು ಮೊದಲೇ ಒಪ್ಪಿಸಿಕೊಳ್ಳಿ. ಹಾಫ್‌ಮೂನ್ ಮೇಲಿನ ಗುಡ್ಡದಲ್ಲಿ ಅರ್ಧ ಗಂಟೆ ಕೂರುವುದಕ್ಕೆ ದುಡ್ಡು ಬೇಡ. ಬಿಳಿಹೊಟ್ಟೆಯ ಕಡಲಹದ್ದು ಕಣ್ಣೆದುರಿನ ಎತ್ತರದಲ್ಲೇ ತೇಲಿ ಹೋದರೆ ಅದು ಲಾಭ.

ಕುಡ್ಲೆಯಿಂದ ಗುಡ್ಡ ಹತ್ತಿ ಇಳಿದರೆ ಗೋಕರ್ಣ ಪೇಟೆ. ಹಾಲಕ್ಕಿ ಸಮುದಾಯದ ಹೆಂಗಸರು ತರಕಾರಿ ಹರವಿಕೊಂಡು ಕೂತಿರುತ್ತಾರೆ, ಊರಿಗೆ ಬಸಳೆಯನ್ನೋ ಹರಿವೆಯನ್ನೋ ಒಯ್ಯಿರಿ. ರೈಲು ನಿಲ್ದಾಣ ಪೇಟೆಯಿಂದ ದೂರ, ಆಟೊಕ್ಕೆ ಸಮಯ ಇಟ್ಟುಕೊಳ್ಳಿ. ಮನೆ ಮುಟ್ಟಿದ ದಿನವೇ ಚೀಲದ ಜಿಪ್ಪುಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಹಿಡಿದು ಕೂತರೆ ಮುಂದಿನ ಸಲ ತೆರೆಯಲು ಇಕ್ಕಳ ಹುಡುಕಬೇಕಾಗುತ್ತದೆ.